ನವೀಕರಣ

ಆಸ್ಪತ್ರೆಯಿಂದ ಕಾಗದ ಬಂದಿದೆ.
ಪ್ರತಿ ಜೂನಿನಲ್ಲೂ ಬರುತ್ತದೆ,
ಓಣಿಯ ಮಕ್ಕಳು ಹೊಸ ಬೂಟಿನಲ್ಲಿ ಕುಂಟುವ ವಾರಕ್ಕೆ ಸರಿಯಾಗಿ.
ಈ ಸಲದ್ದು ಮೂರನೆಯದು.
ಮೇಲೆ ನಮ್ಮ ಹೆಸರು, ನಂಜುಂಡಸ್ವಾಮಿ, ಚಂದ್ರಕಲಾ.
ಅವಕ್ಕೆ ಬರೀ ನಂಬರು.
ರಾಜಾಜಿನಗರದ ಮೂರನೇ ಮಹಡಿಯಲ್ಲಿ,
ಸೊನ್ನೆಗಿಂತ ನೂರ ತೊಂಬತ್ತಾರು ಡಿಗ್ರಿ ಕೆಳಗೆ,
ಎರಡು ಭ್ರೂಣ
ಬಾಡಿಗೆಗಿವೆ.
ವರ್ಷಕ್ಕೆ ಇಪ್ಪತ್ತೆಂಟು ಸಾವಿರ.

ನಾವಿರುವುದು ಲಗ್ಗೆರೆಯಲ್ಲಿ, ಶೀಟಿನ ಮನೆ.
ಭೋಗ್ಯಕ್ಕೊಂದು ಒಳ್ಳೆ ಮನೆ ಹಿಡಿಯೋಣವೆಂದು
ಕೂಡಿಟ್ಟದ್ದು ಆರು ಲಕ್ಷ.
ಮೊದಲ ಸಲಕ್ಕೆ ಅರ್ಧ ಹೋಯಿತು,
ಎರಡನೆಯದಕ್ಕೆ ಇನ್ನರ್ಧ.
ದೋಷ ಇಬ್ಬರಲ್ಲೂ ಇಲ್ಲ, ಎಂದರು ಡಾಕ್ಟರು.
ಅಷ್ಟು ಹೇಳಿದ ರಿಪೋರ್ಟಿಗೆ ಹದಿನಾಲ್ಕು ಸಾವಿರ.
ಮೂರನೆಯದಕ್ಕೆ ಗಂಗಾಂಬಿಕೆಯ ಚೀಟಿ ಕೂಗಿದೆವು,
ಐದು ಲಕ್ಷದ್ದನ್ನು ಮೂರೂಮುಕ್ಕಾಲಿಗೆ.
"ಏನು ನಂಜುಂಡಣ್ಣ, ಸೈಟಾ?" ಎಂದರು ಎಲ್ಲ.
ಹೂಂ, ಎಂದರು ಇವರು. ಸೈಟೇ.
ಮೂವತ್ತು ನಲವತ್ತಲ್ಲ,
ಕಣ್ಣಿಗೆ ಕಾಣದ ಅಳತೆ.

ನನ್ನ ಕಸುಬೇ ಅಳತೆ. ಬ್ಲೌಸು ಹೊಲಿಯುತ್ತೇನೆ.
ಸರ ಅಡವಿಗೆ ಹೋಗಿ, ತಾಳಿ ಅರಿಶಿನದ ದಾರಕ್ಕೆ ಬಂದಾಗ
ಕೊರಳು ಬರಿದು ಎಂದು ಯಾರೂ ಗಮನಿಸಲಿಲ್ಲ,
ಟೇಪು ಇತ್ತಲ್ಲ.
ಕೆಲವರದ್ದು ಅವರಿಗಿಂತ ಮೊದಲು ನನಗೇ ಗೊತ್ತಾಗುತ್ತದೆ,
ಎದೆಯ ಸುತ್ತು ಮುಕ್ಕಾಲಿಂಚು ಏರಿದಾಗ.
ಬಾಯಿ ಬಿಡುವುದಿಲ್ಲ. ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ.
ಆಮೇಲೆ ಅವರೇ ಬರುತ್ತಾರೆ, ಸೀಮಂತದ ರೇಷ್ಮೆ ಹಿಡಿದು:
"ಒಳಗೆ ಎರಡಿಂಚು ಬಟ್ಟೆ ಬಿಡಿ ಅಕ್ಕಾ,
ಬಿಚ್ಚಿಕೊಳ್ಳೋಕೆ ಬೇಕಾಗುತ್ತೆ."
ಬಿಡುತ್ತೇನೆ.

ಹನ್ನೊಂದು ರಾತ್ರಿ ಸೂಜಿ, ಒಂಬತ್ತಕ್ಕೆ.
ಪೀಣ್ಯದಿಂದ ಬಂದು, ಗ್ರೀಸಿನ ಕೈಗೆ ಎರಡು ಸಲ ಸೋಪು ಹಚ್ಚಿ
ಇವರೇ ಚುಚ್ಚುತ್ತಿದ್ದರು, ಹೊಕ್ಕುಳಿಂದ ಎರಡು ಬೆರಳು ಆಚೆ.
ಕೂದಲೆಳೆಯ ಲೆಕ್ಕದಲ್ಲಿ ಉಕ್ಕು ತಿಕ್ಕುವ ಕೈ
ನಡುಗುತ್ತಿತ್ತು.
"ನೇರ ಹಿಡೀರಿ," ಅಂದೆ, "ಬಟ್ಟೆ ಎಳೀಬೇಡಿ."
ಇಬ್ಬರೂ ನಕ್ಕೆವು. ಆ ರಾತ್ರಿ ಒಂದೇ.
ನಮ್ಮ ಫ್ರಿಜ್ಜು ಕೆಟ್ಟಾಗ ಔಷಧಿ ಓನರಮ್ಮನ ಮನೆಯಲ್ಲಿಟ್ಟೆ,
ಶುಗರಿನದು ಎಂದು ಸುಳ್ಳು ಹೇಳಿ.
"ಇಷ್ಟು ಬೇಗಾನಾ, ಪಾಪ" ಎಂದವರು
ಇವತ್ತಿಗೂ ನನ್ನ ಕಾಫಿಗೆ ಸಕ್ಕರೆ ಹಾಕುವುದಿಲ್ಲ.

ಹದಿನಾಲ್ಕನೇ ದಿನ ಫೋನು.
"ಎರಡು ಪಾಯಿಂಟ್ ಮೂರು, ಮೇಡಂ."
ಅಂದರೆ?
"ಅಂದರೆ... ಇಲ್ಲ, ಮೇಡಂ."
ಯಾರದೋ ತೋಳಿನ ಅಂಚು ಮಿಷಿನ್ನಿನ ಹಲ್ಲಿನಲ್ಲಿತ್ತು.
ಮುಗಿಸಿದೆ. ನೂಲು ಕತ್ತರಿಸಿದೆ.
ಅಳತೆಯ ಪುಸ್ತಕದಲ್ಲಿ ಖಾಲಿ ಹಾಳೆ ತೆಗೆದು ಬರೆದೆ: ೨.೩
ಹೆಸರಿನ ಜಾಗ ಹಾಗೇ ಬಿಟ್ಟೆ.

ಉಳಿದವು ಆ ಎರಡು.
ಒಳಗೆ ಇಡಿಸಲು ದುಡ್ಡಿಲ್ಲ, ಬಿಡಲು ಮನಸ್ಸಿಲ್ಲ.
ಕಾಗದದ ಕೊನೆಗೆ ಮೂರು ಚೌಕ:
ಮುಂದುವರಿಸಿ. ಸಂಶೋಧನೆಗೆ ಕೊಡಿ. ವಿಸರ್ಜಿಸಿ.
"ವಿಸರ್ಜಿಸಿ ಅಂದರೆ?" ಕೇಳಿದರು ಇವರು,
"ಗಣೇಶನ್ನ ಬಿಟ್ಟ ಹಾಗಾ?"
ಹೋದ ವರ್ಷ ಕಾರ್ಪೊರೇಷನ್ನಿನ ಟ್ಯಾಂಕರು ಬೀದಿಗೇ ಬಂದಿತ್ತು.
ಮೊಣಕೈವರೆಗೆ ನೀರಿಗಿಳಿಸಿ, ಮೂರು ಸಲ ಅದ್ದಿ,
ಮುಂದಿನ ವರ್ಷ ಬಾರಪ್ಪಾ ಎಂದಿದ್ದರು.
ನಾನು ಉತ್ತರ ಕೊಡಲಿಲ್ಲ.

ಲೈನಿಂಗ್ ಬ್ಲೌಸಿಗೆ ನಾನೂರು. ಹಾಗಾದರೆ ಎಪ್ಪತ್ತು ಬ್ಲೌಸು.
ವರಮಹಾಲಕ್ಷ್ಮಿಗೆ ಅರವತ್ತು ಬಂದಾವು,
ಮಿಕ್ಕ ಹತ್ತಕ್ಕೆ ಫಾಲು, ಕುಚ್ಚು, ರಾತ್ರಿ.

ಪೆನ್ನು ಹುಡುಕಿದೆ. ಬರೆಯಲಿಲ್ಲ.
ಬಟ್ಟೆಗೆ ಗುರುತು ಹಾಕುವ ನೀಲಿ ಚಾಕು ಕೈಗೆ ಸಿಕ್ಕಿತು,
ಮೊದಲ ಚೌಕದಲ್ಲಿ ಗೀಚಿದೆ.
"ಒರೆಸಿದರೆ ಹೋಗುತ್ತಲ್ಲೇ," ಎಂದರು ಇವರು.
ಗೊತ್ತು.
ಕೌಂಟರಿನಲ್ಲಿ ದಾರ ಕಟ್ಟಿದ ಪೆನ್ನಿರುತ್ತದೆ,
ಅದರಲ್ಲಿ ತಿದ್ದಿದರಾಯಿತು.
ಬಾಗಿಲಲ್ಲಿ ಯಾರೋ ಚಪ್ಪಲಿ ಬಿಡುತ್ತಿದ್ದಾರೆ,
"ಅಕ್ಕಾ, ನಾಳೆಗೇ ಬೇಕು."